ಗೃಹೋದ್ಯಾನ: ಬೀಜದಿಂದ ನಿಂಬೆಯ ಸಸಿ

ವೈ.ಎನ್. ಹೊಸಕೋಟೆಯ ನಮ್ಮ ಮನೆಯ ಹಿತ್ತಲಲ್ಲಿ ಮಾತೃಶ್ರೀಯವರು ನೆಟ್ಟ ನಿಂಬೆಯ ಮರವೊಂದುಂಟು. ಪಾವಗಡ ಸೀಮೆಯ ಮಳೆ ಎಷ್ಟರದೆಂಬುದನ್ನು ವಾಚಕರು ಬಲ್ಲರು. ಬಾವಿ ಬತ್ತಿದ ಮೇಲೆ ಆ ಮರವು ತುದಿಯಿಂದ ಒಣಗತೊಡಗಿದೆ. ನೆಟ್ಟವರು ಈಗಿಲ್ಲ, ಮರವೂ ಇಲ್ಲವಾದೀತೆಂಬ ವ್ಯಸನದಿಂದ ಕಳೆದ ವರ್ಷ ಅದರ ಹಣ್ಣಿನ ಬೀಜಗಳನ್ನು ಬಿತ್ತಿದೆನು. ಆ ಅನುಭವವನ್ನು ಗೃಹಸ್ಥರಲ್ಲಿ ನಿವೇದಿಸುತ್ತೇನೆ.

ಬೀಜದ ಗಿಡವು ತಾಯಿಯಂತಾಗದೆಂಬ ಮಾತು ನಿಂಬೆಗೆ ಪೂರ್ತಿಯಾಗಿ ಸಲ್ಲದು. ಇದರ ಒಂದೇ ಬೀಜದಿಂದ ಎರಡು ಮೂರು ಮೊಳಕೆಗಳು ಏಳುವುದುಂಟು. ಹಾಲೆಂಡಿನ ಲೇವನ್‌ಹುಕ್ ಎಂಬಾತನು ಕಿತ್ತಳೆಯ ಬೀಜದಲ್ಲಿ ಈ ವಿಶೇಷವನ್ನು 1719ರಲ್ಲಿಯೇ ಕಂಡಿದ್ದನು. ಇವುಗಳಲ್ಲಿ ಪರಾಗಸಂಯೋಗದಿಂದ ಹುಟ್ಟಿದ್ದು ಸಾಮಾನ್ಯವಾಗಿ ಒಂದು. ಮಿಕ್ಕವು ತಾಯಿಯ ಅಂಗದಿಂದಲೇ ಹುಟ್ಟಿದ ಪ್ರತಿರೂಪಗಳು. ಆದಕಾರಣ ಸಮನಾಗಿಯೂ ಪುಷ್ಟವಾಗಿಯೂ ಬೆಳೆದ ಸಸಿಗಳನ್ನು ಉಳಿಸಿಕೊಂಡು, ತೀರ ಕೃಶವಾದುದನ್ನೂ ಎಲೆಯ ಆಕಾರದಲ್ಲಿ ಬೇರೆಯಾದುದನ್ನೂ ತೆಗೆಯತಕ್ಕದ್ದು. ಸಂಸ್ಕೃತದಲ್ಲಿ ಮಾತುಲುಂಗವೆನಿಸಿದ ಮಾದಲಕ್ಕೂ ಚಕ್ಕೋತಕ್ಕೂ ಈ ನಿಯಮವಿಲ್ಲ. ಅವುಗಳ ಬೀಜಕ್ಕೆ ಒಂದೇ ಮೊಳಕೆಯಾದುದರಿಂದ ತಾಯಿಯ ಗುಣವು ನಿಶ್ಚಿತವಲ್ಲ. ಅವಕ್ಕೆ ಗೂಟಿ ಕಟ್ಟುವುದೇ ಲೇಸು.

ನಿಂಬೆಯ ಬೀಜವನ್ನು ಒಣಗಿಸಿ ಕೂಡಿಡಕೂಡದು. ಪಕ್ವವಾದ ಹಣ್ಣಿನಿಂದ ತೆಗೆದು, ಲೋಳೆಯನ್ನು ತೊಳೆದು, ಆ ದಿನವೇ ಅರ್ಧ ಅಂಗುಲದ ಆಳಕ್ಕೆ ಬಿತ್ತಬೇಕು. ಎರಡು ಮೂರು ವಾರಗಳಲ್ಲಿ ಮೊಳಕೆ ಕಾಣುವುದು. ಕುಂಡದಲ್ಲಿ ನೀರು ನಿಂತರೆ ಬೇರು ಕೊಳೆಯುವುದು. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ತೋರುವುದು ಚಿಟ್ಟೆಯ ಮರಿಹುಳುವೇ. ಪ್ರಾತಃಕಾಲದಲ್ಲಿ ಕೈಯಿಂದ ಆರಿಸಿ ತೆಗೆಯಿರಿ. ಒಂದು ವರ್ಷ ಕಳೆದ ಮೇಲೆ ಮುಂಗಾರಿನ ಮೊದಲಲ್ಲಿ ನೆಲಕ್ಕೆ ನೆಡಬಹುದು. ಕಾಂಡದ ಬುಡಕ್ಕೆ ಮಣ್ಣೇರಿಸದೆ, ಸ್ವಲ್ಪ ದೂರದಲ್ಲಿ ಪಾತಿ ಮಾಡಿ ನೀರೆರೆಯಬೇಕು.

ಇನ್ನು ಗಿಡವನ್ನು ತಿದ್ದುವ ವಿಚಾರ. ಇದರಲ್ಲಿ ನಾನು ಹಿಂದೆ ತಪ್ಪಿದವನು. ಮನೆಯ ಮುಂದಿದ್ದ ಒಂದು ಬೀಜದ ಗಿಡವು ಛತ್ರಿಯಂತೆ ಅಂದವಾಗಲೆಂದು ವರ್ಷವರ್ಷವೂ ಅದರ ತುದಿಯನ್ನು ಕತ್ತರಿಸಿದೆನು. ಏಳು ವರ್ಷ ಮುಳ್ಳಲ್ಲದೆ ಹೂವನ್ನು ಕಾಣಲಿಲ್ಲ. ಬೀಜದ ಗಿಡಕ್ಕೊಂದು ಬಾಲ್ಯವುಂಟು. ಅದು ಬುಡದಿಂದ ಗಿಣ್ಣಿನ ಮೇಲೆ ಗಿಣ್ಣು ಬೆಳೆಯುತ್ತ ಪ್ರೌಢವಾದ ಮೇಲೆಯೇ ಹೂವಿಡುವುದು. ತುದಿಯನ್ನು ಕತ್ತರಿಸಿದಷ್ಟೂ ಆ ಬಾಲ್ಯವು ದೀರ್ಘವಾಗುವುದು. ನಾನು ಬೇಸತ್ತು ಕತ್ತರಿಯನ್ನು ಕೆಳಗಿಟ್ಟ ಕೆಲವು ವರ್ಷಗಳಲ್ಲಿ ಗಿಡವು ತಾನೇ ಹೂಬಿಟ್ಟಿತು. ಶಾಲೆಯಲ್ಲಿ ಎಷ್ಟು ಮಕ್ಕಳ ವಿಷಯದಲ್ಲಿ ಹೀಗೆಯೇ ಆತುರಪಟ್ಟೆನೋ ಎಂದು ಆಗ ನಾಚಿಕೆಯಾಯಿತು. ಒಣಗಿದ ಕಡ್ಡಿಯನ್ನೂ ಬುಡದಿಂದ ಒಂದೂವರೆ ಅಡಿಯವರೆಗಿನ ಚಿಗುರನ್ನೂ ತೆಗೆದರೆ ಸಾಕು, ಮುಳ್ಳನ್ನು ಸಹಿಸಿಕೊಳ್ಳಿರಿ.

ಈಗ ನನ್ನ ಮೂರು ಸಸಿಗಳು ಮೊಣಕಾಲೆತ್ತರಕ್ಕೆ ಬಂದಿವೆ. ಎಲೆಯನ್ನು ಹೊಸಕಿದರೆ ಹಿತ್ತಲಿನ ಮರದ ಪರಿಮಳವೇ. ಹಳೆಯ ಮರವನ್ನು ಕಡಿಸಿಬಿಡೋಣವೆಂದು ಮನೆಯವರು ಹೇಳುತ್ತಾರೆ. ಸಸಿಗಳು ಮೊದಲ ಹೂ ಬಿಡುವವರೆಗೆ ತಡೆಯಿರೆಂದು ನಾನು ಬೇಡಿಕೊಂಡಿದ್ದೇನೆ.