ಕಪ್ಪಿಗೆ ಆರಾಮ ತಪ್ಪಿದ್ದು, ನಾ ಬಾಯಿ ಮುಚ್ಚಿಕೊಂಡು ಕೂತಿದ್ದು

ಹೋದ ವಾರ ನಮ್ಮ ನಾದಿನಿ ಫೋನ್ ಮಾಡಿದ್ಲು. ಮಾತಿಗೆ ಮಾತು ಬಂದು ಮತ್ತ ಆ ಕಪ್ಪಿ ಸುದ್ದಿ ತಗದ್ಲು. "ಏನ ಹೇಳ್ರಿ ವೈನಿ, ಒಂದು ಕಪ್ಪಿಗೆ ಇಪ್ಪತ್ತು ಸಾವಿರ ರೂಪಾಯಿ ಖರ್ಚು ಮಾಡೋದಂದ್ರ ರೊಕ್ಕ ಹೆಚ್ಚಾದವರ ಕೆಲಸ" ಅಂದ್ಲು. ನಮ್ಮ ಓಣ್ಯಾಗೂ ಈ ಸುದ್ದಿ ಹಬ್ಬೇದ. ಭಜನಿ ಮಂಡಳಿಯೊಳಗ ಇಬ್ಬರು ನಕ್ಕೋತ ಕೇಳಿದ್ರು, "ಅಮೇರಿಕಾದಾಗ ಕಪ್ಪಿಗೂ ದವಾಖಾನಿ ಇರ್ತದಂತಲ್ರಿ?" ಅಂತ. ಇರ್ತದ. ನಾ ಹೋಗಿ ಬಂದೇನಿ. ಆದ್ರ ಈ ಸುದ್ದಿಯೊಳಗ ನಗೋದಕ್ಕಿಂತ ಬ್ಯಾರೆ ಒಂದು ಮಾತು ಅದ. ಅದನ್ನ ನಾ ಯಾರ ಮುಂದೂ ಪೂರ್ತಿ ಹೇಳಿಲ್ಲ. ಇವತ್ತು ಬರದುಬಿಡ್ತೀನಿ.

ಎರಡು ವರ್ಷದ ಹಿಂದ ಆರು ತಿಂಗಳ ಮಟ್ಟಿಗೆ ಮಗನ ಮನಿಗೆ ಕ್ಯಾಲಿಫೋರ್ನಿಯಾಕ್ಕ ಹೋಗಿದ್ದೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಒಂದು ತಾಸಿನ ದಾರಿ. ಮೊಮ್ಮಗಗ ಆಗ ಏಳು ವರ್ಷ. ಅವನ ಖೋಲ್ಯಾಗ ಒಂದು ಗಾಜಿನ ಪೆಟಗಿ, ಅದರೊಳಗ ಗುಂಡ. ಗುಂಡ ಅಂದ್ರ ಅವನ ಕಪ್ಪಿ. ಹಸರ ಬಣ್ಣ, ಮೈತುಂಬ ಮಾಂಸ, ಅಂಗೈ ತುಂಬೋವಷ್ಟು ದೊಡ್ಡದು. ಇಂಗ್ಲಿಷಿನ್ಯಾಗ ವೈಟ್ಸ್ ಟ್ರೀ ಫ್ರಾಗ್ ಅಂತಾರ, ಮೂಲ ಆಸ್ಟ್ರೇಲಿಯಾ, ನ್ಯೂಗಿನಿ ಕಡೇದು. ಹಗಲೆಲ್ಲಾ ಗಾಜಿಗೆ ಅಂಟಿಕೊಂಡು ಮಲಗೋದು, ರಾತ್ರಿ ಎದ್ದು ಜೀರುಂಡಿ ತಿನ್ನೋದು. ಛಲೋತ್ನಂಗ ನೋಡಿಕೊಂಡ್ರ ಹದಿನೈದು ವರ್ಷದ ಮ್ಯಾಲೂ ಬದುಕ್ತದಂತ. ಮೊದಲ ವಾರ ನಂಗ ಅದನ್ನ ನೋಡಿದ್ರ ಮೈ ಝುಮ್ ಅಂತಿತ್ತು. ಆಮ್ಯಾಲೆ ರೂಢಿ ಆತು. ಮುಂಜಾನೆ ಚಹಾ ಕುಡೀಕೋತ ಅದರ ಮುಂದ ಕೂಡಲಿಕ್ಕೆ ಶುರು ಮಾಡಿದೆ. ಎಲ್ಲಾರೂ ಆಫೀಸು, ಸಾಲಿ ಅಂತ ಹೋದ ಮ್ಯಾಲೆ ಆ ಮನ್ಯಾಗ ಉಳಿಯೋ ಜೀವ ಅಂದ್ರ ನಾನು, ಅದು, ಇಬ್ಬರ.

ಒಂದು ಶುಕ್ರವಾರ. ಮನಿ ಸ್ವಚ್ಛ ಮಾಡ್ಲಿಕತ್ತಿದ್ದೆ. ಪೆಟಗಿಯಿಂದ ಸ್ವಲ್ಪ ವಾಸನಿ ಬಂತು. ನಮಗ ಗೊತ್ತಲ್ಲ, ವಾಸನಿ ಬಂದ ಮ್ಯಾಲೆ ಕೈ ಕಟ್ಟಿಕೊಂಡು ಕೂಡೋ ಜಾತಿ ಅಲ್ಲ ನಾವು. ಗುಂಡನ್ನ ಒಂದು ಡಬ್ಬ್ಯಾಗ ಹಾಕಿ, ಪೆಟಗಿ, ನೀರಿನ ಬಟ್ಟಲ, ಕಟ್ಟಿಗಿ ಎಲ್ಲಾ ಸಿಂಕಿಗೆ ತಂದು ಭಾಂಡಿ ತೊಳಿಯೋ ಲಿಕ್ವಿಡ್ ಹಚ್ಚಿ ಗಸಗಸ ತಿಕ್ಕಿ ತೊಳದೆ. ನಳದ ನೀರು ತುಂಬಿದೆ. ಗುಂಡನ್ನ ವಾಪಸ್ ಬಿಟ್ಟೆ. ಗಾಜು ಪಳಪಳ ಹೊಳೀತಿತ್ತು. ಸೊಸಿ ಬಂದು ನೋಡಿ ಖುಷಿ ಪಡ್ತಾಳ ಅಂದುಕೊಂಡೆ.

ಸಂಜೀ ನಾಲ್ಕಕ್ಕ ಮೊಮ್ಮಗ ಸಾಲಿಯಿಂದ ಬಂದು ಸೀದಾ ಖೋಲಿಗೆ ಹೋದ. "ಅಜ್ಜಿ, ಗುಂಡ ಯಾಕ ಕಂದು ಬಣ್ಣ ಆಗ್ಯಾನ?" ಅಂತ ಕೂಗಿದ. ಹೋಗಿ ನೋಡಿದ್ರ ಹಸರ ಹೋಗಿ ಮಣ್ಣಿನ ಬಣ್ಣ ಬಂದದ. ಮೈ ಮ್ಯಾಲೆ ಬೆಳ್ಳನ ಲೋಳಿ. ಗಾಜಿಗೆ ಅಂಟಿಕೊಳ್ಳೋದು ಬಿಟ್ಟು ಕಾಲು ಚೆಲ್ಲಿಕೊಂಡು ಮೂಲ್ಯಾಗ ಬಿದ್ದಿತ್ತು. ತೊಡಿ ಒಳಗಡೆ ಕೆಂಪಗ ಆಗಿತ್ತು.

ನನ್ನ ಎದಿ ಧಸಕ್ಕಂತು. ಮುಂಜಾನೆ ತೊಳದದ್ದರಿಂದನ ಆಗಿದ್ದು ಅಂತ ನಂಗ ಅಲ್ಲೇ ಗೊತ್ತಾತು. ಅಷ್ಟಾದ್ರೂ ಬಾಯಾಗ ಬಂದದ್ದೇನು? "ನಿದ್ದಿ ಬಂದಿರಬೇಕು ಪುಟ್ಟಾ, ಬಿಡು" ಅಂದೆ.

ಇಲ್ಲೇ ನಾ ತಪ್ಪಿದ್ದು. ತೊಳದದ್ದು ತಿಳೀದ ಮಾಡಿದ ತಪ್ಪು. ಇದು ತಿಳಿದು ಮಾಡಿದ್ದು.

ರಾತ್ರಿ ಮಗ ಚಿಮಟಿಯಿಂದ ಜೀರುಂಡಿ ಹಿಡದು ಮುಂದ ಹಿಡದ. ಬಾಯಿ ತಗೀಲಿಲ್ಲ. "ಇವತ್ತು ಹಸಿವಿಲ್ಲೇನೋ" ಅಂತ ಬಿಟ್ಟ. ನಾ ಅಲ್ಲೇ ನಿಂತಿದ್ದೆ. ಹೇಳಬೇಕು ಅಂತ ನಾಲಿಗಿ ತನಕ ಬಂತು, ಒಳಗ ನುಂಗಿದೆ. ಸೊಸಿ ಏನಂದಾಳು? ಎರಡು ತಿಂಗಳಿಂದ ಅಕಿ ಅಡಗಿಮನ್ಯಾಗ ನಾ ಸಾಮಾನು ಅತ್ತಿಂದಿತ್ತ ಇಟ್ಟಿದ್ದಕ್ಕ ಅಕಿ ಒಂದು ಮಾತೂ ಅಂದಿರಲಿಲ್ಲ. ಇದಕ್ಕ ಅಂದುಬಿಟ್ರ? ಮೊಮ್ಮಗ ನನ್ನ ಮಾರಿ ನೋಡೋದು ಬಿಟ್ರ? ಇಂಥಾವ ವಿಚಾರ. ಆ ಜೀವಕ್ಕ ಏನಾಗ್ಲಿಕತ್ತದ ಅನ್ನೋದಕ್ಕಿಂತ ನನ್ನ ಮರ್ಯಾದಿ ದೊಡ್ಡದಾಗಿತ್ತು.

ಹನ್ನೆರಡಕ್ಕ ನಿದ್ದಿ ಬರದ ಎದ್ದು ಹೋದೆ. ಗುಂಡ ಆ ನೀರಿನ ಬಟ್ಟಲದಾಗ ಕೂತಿತ್ತು. ಒದ್ದಿ ಕೈಲೆ ಮೆಲ್ಲಕ ಎತ್ತಿ ಹೊರಗಿಟ್ರ ಒಂದು ಕಡೆ ವಾಲಿ ಅಂಗಾತ ಬಿತ್ತು, ಹೊಳ್ಳಲಿಕ್ಕೆ ಆಗಲಿಲ್ಲ. ಆಗ ಹೋಗಿ ಮಗನ ಬಾಗಲಾ ಬಡದೆ. ಎಲ್ಲಾ ಹೇಳಿದೆ.

ಸೊಸಿ ಎದ್ದು ಬಂದವಳು ಬೈಲಿಲ್ಲ. "ಅತ್ಯಾ, ಸೋಪು ಎಷ್ಟು ಹಚ್ಚಿದ್ರಿ? ನೀರು ಯಾವುದು? ಎಷ್ಟೊತ್ತಿಗೆ?" ಇಷ್ಟ ಕೇಳಿದ್ಲು. ರಾತ್ರಿ ತಗದಿರೋ ದವಾಖಾನಿಗೆಲ್ಲಾ ಫೋನ್ ಹಚ್ಚಿದ್ರು. ಮೂರು ಕಡೆ "ನಾವು ನಾಯಿ, ಬೆಕ್ಕು ಅಷ್ಟ ನೋಡ್ತೀವಿ" ಅಂದ್ರು. ನಾಲ್ಕನೇ ಕಡೆ ಕಪ್ಪಿ, ಆಮಿ ನೋಡೋ ಡಾಕ್ಟರು ಮುಂಜಾನೆ ಎಂಟಕ್ಕ ಬರ್ತಾರ ಅಂತ ಹೇಳಿ, ಅಲ್ಲೀತನಕ ಏನು ಮಾಡಬೇಕು ಅಂತ ಹೇಳಿದ್ರು. ಆ ಪೆಟಗಿಯಿಂದ ಮೊದಲ ತಗೀರಿ. ಬಾಟ್ಲಿ ಸ್ಪ್ರಿಂಗ್ ವಾಟರ್‍ನಿಂದ ಮೈ ತೊಳೀರಿ. ಡಿಸ್ಟಿಲ್ಡ್ ವಾಟರ್ ಬ್ಯಾಡ, ಅದರಾಗ ಲವಣ ಇರೂದಿಲ್ಲ. ತೂತು ಇರೋ ಪ್ಲಾಸ್ಟಿಕ್ ಡಬ್ಬ್ಯಾಗ ಅದ ನೀರಿಲೆ ಒದ್ದಿ ಮಾಡಿದ ಪೇಪರ್ ಟವೆಲ್ ಹಾಸಿ ಇಡ್ರಿ. ಕತ್ತಲ್ಯಾಗ, ಗದ್ಲ ಇಲ್ಲದ ಕಡೆ ಇರ್ಲಿ. ಬಾಯಿ ತಗದು ತಿನಸಬ್ಯಾಡ್ರಿ. ಮನಿ ಔಷಧ ಏನೂ ಹಚ್ಚಬ್ಯಾಡ್ರಿ.

ಆ ಕಡೀ ಮಾತು ಕೇಳಿ ನಾ ಕೈಯಾಗಿನ ಅರಿಷಿಣದ ಡಬ್ಬಿ ಮೆಲ್ಲಕ ಕೆಳಗಿಟ್ಟೆ.

ಮುಂಜಾನೆ ಡಾಕ್ಟರು ನೋಡಿ ಹೇಳಿದ್ದು ಕೇಳಿ ನಂಗ ನನ್ನ ಪಿಯುಸಿ ನೆನಪಾತು. 1986ರಾಗ ಪಿಯುಸಿ ಸೈನ್ಸ್ ಓದುವಾಗ ಲ್ಯಾಬಿನ್ಯಾಗ ಮೇಣದ ಟ್ರೇ ಮ್ಯಾಲೆ ಕಪ್ಪಿ ಮಲಗಿಸಿ, ಕೈಕಾಲಿಗೆ ಪಿನ್ನು ಚುಚ್ಚಿ ಕೊಯ್ದವಳು ನಾನು. ಕಪ್ಪಿ ಚರ್ಮದಿಂದಾನೂ ಉಸರಾಡ್ತದ, ನೀರನ್ನ ಬಾಯಿಂದ ಕುಡಿಯೂದಿಲ್ಲ, ಚರ್ಮದಿಂದನ ಹೀರಿಕೊಳ್ತದ ಅಂತ ಪರೀಕ್ಷಾದಾಗ ಬರದು ಮಾರ್ಕ್ಸ್ ತಗೊಂಡಿದ್ದೆ. ಸೋಪು ಹಚ್ಚುವಾಗ ಅದೊಂದೂ ನೆನಪಾಗಲಿಲ್ಲ. ನಮ್ಮ ಚರ್ಮ ಗ್ವಾಡಿ ಇದ್ದಂಗ, ಕಪ್ಪಿ ಚರ್ಮ ಬಾಗಲಾ ತಗದಿಟ್ಟಂಗ. ನೀರಿನ್ಯಾಗ ಏನು ಇರ್ತದೋ ಅದೆಲ್ಲಾ ಒಳಗ ಹೋಗ್ತದ. ಕೈಗೆ ಹಚ್ಚಿದ ವ್ಯಾಸಲೀನು, ಎಣ್ಣಿ ಸಹಿತ ಅದಕ್ಕ ತ್ರಾಸ.

ಇನ್ನ ನಳದ ನೀರಿನ ಮಾತು. ಆ ಭಾಗದಾಗ ನೀರಿಗೆ ಕ್ಲೋರಮೈನ್ ಹಾಕ್ತಾರ. ಸ್ಯಾನ್ ಫ್ರಾನ್ಸಿಸ್ಕೋದಾಗ 2004ರಿಂದ ಹಂಗ ಅದ. ಕುಡಿಯೋ ಮನಷ್ಯಾರಿಗೆ ಏನೂ ಆಗಂಗಿಲ್ಲ. ಆದ್ರ ಮೀನಿಗೆ, ಕಪ್ಪಿಗೆ ಆ ನೀರು ಹಂಗ ಹಾಕಬಾರದು. ಡಯಾಲಿಸಿಸ್ ಮಾಡೋರೂ ಅದನ್ನ ತಗದ ನೀರು ಬಳಸಬೇಕಾಗ್ತದ. ನಾವು ಊರಾಗ ಮೀನಿನ ತೊಟ್ಟಿಗೆ ಒಂದು ರಾತ್ರಿ ನೀರು ಇಟ್ಟು ಹಾಕ್ತೀವಲ್ಲ, ಅದು ಬರೇ ಕ್ಲೋರಿನ್ ಇದ್ರ ಕೆಲಸಕ್ಕ ಬರ್ತದ. ಕ್ಲೋರಮೈನ್ ಹಂಗ ಸುಮ್ಮನ ಇಟ್ರ ಹೋಗೂದಿಲ್ಲ, ಅದಕ್ಕ ಅಂಗಡ್ಯಾಗ ಸಿಗೋ ಔಷಧದ ಹನಿ ಹಾಕಬೇಕು. ಆ ಬಾಟ್ಲಿ ಪೆಟಗಿ ಬಾಜೂಕನ ಇತ್ತು. ನಾ ಅದು ಗಿಡಕ್ಕ ಹಾಕೋದು ಅಂದುಕೊಂಡಿದ್ದೆ. ಆರಾಮ ತಪ್ಪಿದ ಗುಂಡ ನೀರಿಗೆ ಹೋಗಿ ಕೂತಷ್ಟೂ ಅದೇ ನೀರು ಮತ್ತ ಮೈಯೊಳಗ ಇಳೀತಿತ್ತು. ನಾ ಸುಮ್ಮನಿದ್ದ ಎಂಟು ತಾಸು ಅದಾ ನಡದಿತ್ತು.

ಡಾಕ್ಟರು ಇನ್ನೊಂದು ಮಾತು ಹೇಳಿದ್ರು. ಕಪ್ಪಿಗೆ ಕಾಲು ಕೆಂಪಾದ್ರ ಸೋಂಕು ಆಗಿರಬಹುದು, ಹಂಗ ಬರೋ ಒಂದು ಜಡ್ಡು ಭಾಳ ಕೆಟ್ಟದ್ದು. ಅಥವಾ ಔಷಧ, ಸಾಬಾಣದಿಂದ ಚರ್ಮ ಸುಟ್ಟಿರಬಹುದು. ನೋಡಲಿಕ್ಕೆ ಎರಡೂ ಒಂದ ಥರಾ ಕಾಣಬಹುದು, ಉಪಚಾರ ಬ್ಯಾರೆ. "ನೀವು ಏನಾತು ಅಂತ ಖರೇ ಹೇಳಿದ್ದಕ್ಕ ನಂದು ಅರ್ಧಾ ಕೆಲಸ ಆತು" ಅಂದ್ರು. ಸೋಸಿದ ನೀರಿಗೆ ಅಳತಿ ಮಾಡಿದ ಲವಣ ಕೂಡಿಸಿ ಅದರಾಗ ಗುಂಡನ್ನ ಇಟ್ರು. ಅದು ನಮ್ಮ ಅಡಗಿ ಉಪ್ಪಿನ ಲೆಕ್ಕ ಅಲ್ಲ, ಮನ್ಯಾಗ ಮಾಡಲಿಕ್ಕೆ ಹೋಗಬಾರದು. ಒಂದು ದಿನಾ ಅಲ್ಲೇ ಇಟ್ಟುಕೊಂಡ್ರು. ಬಿಲ್ಲು 240 ಡಾಲರ್. ಒಂಬತ್ತನೇ ದಿನಕ್ಕ ಗುಂಡ ಒಂದು ಜೀರುಂಡಿ ತಿಂತು. ಮೊಮ್ಮಗ ಕುಣದ. ನಾ ಬಚ್ಚಲಕ್ಕ ಹೋಗಿ ಅತ್ತೆ.

ಈಗ ನಾದಿನಿ ಮಾತಿಗೆ ಬರ್ತೀನಿ. ರೊಕ್ಕದ ಮಾತು ಸುಳ್ಳಲ್ಲ. ನಮ್ಮ ಊರಾಗ ಮನಷ್ಯಾರಿಗೇ ದವಾಖಾನಿಗೆ ರೊಕ್ಕ ಇರೂದಿಲ್ಲ, ಕಪ್ಪಿಗೆ ಎಲ್ಲಿಂದ ತರೋದು? ಒಪ್ಪತೀನಿ. ಅದಕ್ಕ ನನ್ನ ಅಭಿಪ್ರಾಯ ಏನಂದ್ರ, ಖರ್ಚು ಮಾಡಲಿಕ್ಕೆ ಆಗದಿದ್ರ ಸಾಕಬಾರದು. ತಂದ ಮ್ಯಾಲೆ "ಕಪ್ಪಿ ಅಷ್ಟ ಅಲ್ಲ, ಸತ್ರ ಹೊಸಾದು ತಂದ್ರಾತು" ಅನ್ನೋದು ಸರಿ ಅಲ್ಲ. ಪೆಟಗ್ಯಾಗ ಹಾಕಿ ಅದರ ನೀರು, ಅದರ ಅನ್ನ, ಅದರ ಬೆಳಕು ಎಲ್ಲಾ ನಾವ ಕೈಯಾಗ ಹಿಡಕೊಂಡೇವಿ. ಬಾವ್ಯಾಗಿನ ಕಪ್ಪಿ ನೀರು ಕೆಟ್ರ ಎದ್ದು ಹೋಗಬಹುದು. ಗುಂಡ ಎಲ್ಲಿಗೆ ಹೋಗಬೇಕಿತ್ತು? ಜೀವ ಮನಿಗೆ ತರೋ ಮೊದಲ ಅದನ್ನ ನೋಡೋ ಡಾಕ್ಟರು ಎಲ್ಲಿದ್ದಾರ ಅಂತ ಹುಡುಕಿ, ನಂಬರ್ ಗ್ವಾಡಿಗೆ ಅಂಟಿಸ್ರಿ. ಮಧ್ಯರಾತ್ರಿ ಮೂರು ಕಡೆ ಇಲ್ಲ ಅನ್ನಿಸಿಕೊಂಡ ಮ್ಯಾಲೆ ನಾ ಹೇಳ್ಲಿಕತ್ತೀನಿ. ಮತ್ತ ಮಳಿಗಾಲದಾಗ ಹಿತ್ತಲಕ್ಕ ಬರೋ ಕಪ್ಪಿನ್ನ ಹುಡುಗುರು ಡಬ್ಬ್ಯಾಗ ಹಾಕಿಕೊಂಡು ಬಂದ್ರ ಬಿಡಿಸಿಬಿಡ್ರಿ. ಅದು ಅಲ್ಲೇ ಹುಳಾ ತಿಂದುಕೊಂಡು ಇರ್ಲಿ.

ಕಪ್ಪಿ ಅಂದ್ರ ಕೀಳು ಅಂತ ನಮ್ಮವರು ಅಂದವರೂ ಅಲ್ಲ. ಮಳಿ ಬರಲಿಲ್ಲ ಅಂದ್ರ ಕಪ್ಪಿ ಮದುವಿ ಮಾಡೋ ಜನಾ ನಾವು. ಶೃಂಗೇರಿಗೆ ಹೋದವರೆಲ್ಲಾ ತುಂಗಾ ನದಿ ಮೆಟ್ಟಲಾಗ ಕಪ್ಪೆ ಶಂಕರನ್ನ ನೋಡಿರ್ತೀರಿ. ಉರಿ ಬಿಸಲಾಗ ಹೆರಿಗಿ ಬ್ಯಾನಿ ತಿನ್ನೋ ಕಪ್ಪಿಗೆ ನಾಗರಹಾವು ಹೆಡಿ ಬಿಚ್ಚಿ ನೆರಳು ಹಿಡದಿತ್ತಂತ. ಅದನ್ನ ನೋಡೇ ಶಂಕರಾಚಾರ್ಯರು ಅಲ್ಲಿ ಪೀಠ ಮಾಡಿದ್ರು ಅಂತಾರ. ಕೈ ಮುಗದು ಬರ್ತೀವಿ, ಮನಿಗೆ ಬಂದು ಮರೀತೀವಿ.

ಇನ್ನೊಂದು, ನಮ್ಮ ಸ್ವಚ್ಛದ ಹುಚ್ಚು. ಫಿನಾಯಿಲ್ ವಾಸನಿ ಬಂದ್ರನ ನೆಲ ಸ್ವಚ್ಛ ಅಂತ ನಾವು. ಅಂಥಾ ಔಷಧ ಹಾಕಿದ ನೆಲದ ಮ್ಯಾಲೆ ಅಡ್ಡಾಡಿ ಕಾಲು ನೆಕ್ಕಿಕೊಂಡ್ರ ಬೆಕ್ಕಿಗೆ ವಿಷ ಆಗ್ತದ. ಕಪ್ಪಿ ಪೆಟಗಿಗೆ ಬಿಸಿನೀರು ಹಾಕಿ ತಿಕ್ಕಿ, ಔಷಧದ ಹನಿ ಹಾಕಿದ ನೀರಿಲೆ ಗಲಬರಿಸಿ, ಆರಿದ ಮ್ಯಾಲೆ ಬಿಟ್ರ ಸಾಕಾಗ್ತದ. ಸಾಬಾಣ ಬೇಕಾಗೋದು ಕಪ್ಪಿ ಮುಟ್ಟಿದ ಮ್ಯಾಲೆ ನಮ್ಮ ಕೈಗೆ. ಸಣ್ಣ ಹುಡುಗುರಿಗಂತೂ ತಪ್ಪದ ಕೈ ತೊಳಸ್ರಿ, ಅದರಿಂದ ಹೊಟ್ಟಿ ಕೆಡೋ ರೋಗ ಬರಬಹುದು.

ಎಲ್ಲಾಕ್ಕಿಂತ ದೊಡ್ಡ ಮಾತು, ಬಾಯಿ ಮುಚ್ಚಿಕೊಂಡು ಕೂತಿದ್ದು. ನಾವು ಹೆಂಗಸರು ಮನ್ಯಾಗ ಇದನ್ನ ಭಾಳ ಮಾಡ್ತೀವಿ. ಕೂಸು ಮಂಚದಿಂದ ಬಿತ್ತು ಅಂದ್ರ ಅತ್ತಿ ಮುಂದ ಹೇಳೂದಿಲ್ಲ. ಮಾವನವರಿಗೆ ಗುಳಿಗಿ ಎರಡು ಸಲ ಕೊಟ್ಟಿವಿ ಅಂತ ಗೊತ್ತಾದ್ರೂ "ಏನೂ ಆಗಂಗಿಲ್ಲ ಬಿಡು" ಅಂತೀವಿ. ಬೈಗುಳದ ಅಂಜಿಕಿ. ಸಣ್ಣವರಿದ್ದಾಗ ಬೈಸಿಕೊಂಡೇವಿ, ಅದಕ್ಕ ಮುಚ್ಚಿಡೋದು ಕಲತೀವಿ. ಅದಕ್ಕ ಮನ್ಯಾಗಿನ ಹಿರೇರಿಗೆ ನಾ ಹೇಳೋದು, ಯಾರರ ಬಂದು "ತಪ್ಪಾತು" ಅಂದ್ರ ಮೊದಲ ನನ್ನ ಸೊಸಿ ಕೇಳಿದಂಗ ಕೇಳ್ರಿ: ಏನು, ಎಷ್ಟು, ಎಷ್ಟೊತ್ತಿಗೆ. ಸಿಟ್ಟು ಆಮ್ಯಾಲೆ ಮಾಡಿಕೊಳ್ಳಲಿಕ್ಕೆ ಟೈಮ್ ಇರ್ತದ. ಆ ರಾತ್ರಿ ಅಕಿ ಕೂಗಾಡಿದ್ರ ನಾ ಅರ್ಧಾ ಹೇಳಿ ಅರ್ಧಾ ನುಂಗತಿದ್ದೆ.

ಮೊಮ್ಮಗಗೂ ಹೇಳಿದೆ. ಊರಿಗೆ ಬರೋ ಹಿಂದಿನ ದಿನಾ. "ಅವತ್ತು ನಿದ್ದಿ ಬಂದಿರಬೇಕು ಅಂದದ್ದು ಸುಳ್ಳು ಪುಟ್ಟಾ, ನಂಗ ಗೊತ್ತಿತ್ತು" ಅಂದೆ. ಅವ ಸ್ವಲ್ಪ ಹೊತ್ತು ನನ್ನ ಮಾರಿ ನೋಡಿದ. "ಮುಂದಿನ ಸಲ ನನ್ನನ್ನ ಕೇಳಿ ತೊಳಿ ಅಜ್ಜಿ" ಅಂದ. ಆಗ್ಲಿ ಅಂದೆ. ಈಗ ರವಿವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡಿದಾಗ ಮೊದಲ ಗುಂಡನ್ನ ತೋರಸ್ತಾನ. ಹಸರಗ, ಗುಂಡಗ, ಗಾಜಿಗೆ ಅಂಟಿಕೊಂಡು ಕೂತಿರ್ತದ.

ನಾದಿನಿಗೆ ಈ ಬರಹ ಕಳಸ್ತೀನಿ. ಓದಿ ಬೈದ್ರೂ ಬೈಲಿ. ನಿಮ್ಮ ಮನ್ಯಾಗೂ ಹಿಂಗ ನುಂಗಿಕೊಂಡ ಮಾತು ಇದ್ರ ಇವತ್ತ ಹೇಳಿಬಿಡ್ರಿ.