21 ದಿನ ದಾಟುವ ಮುನ್ನ: ಸಿಎಂವಿ ಸೋಂಕಿನೊಂದಿಗೆ ಹುಟ್ಟಿದ ಮಕ್ಕಳ ಪೋಷಕರ ಹಕ್ಕೊತ್ತಾಯ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ಸೈಟೊಮೆಗಲೊವೈರಸ್, ಅಂದರೆ ಸಿಎಂವಿ, ನಮ್ಮ ದೇಶದ ಬಹುಪಾಲು ಹೆಂಗಸರಿಗೆ ಬಸಿರಾಗುವ ಮೊದಲೇ ತಗುಲಿರುತ್ತದೆ. ಹೆಚ್ಚಿನವರಿಗೆ ಅದು ಗೊತ್ತೂ ಆಗಿರುವುದಿಲ್ಲ. ಬಸಿರಿನಲ್ಲಿ ಅದು ಮತ್ತೆ ಕೆರಳಿದರೆ ಮಗುವಿನ ಕಿವಿಗೆ, ಮಿದುಳಿಗೆ ಪೆಟ್ಟು ಬೀಳಬಹುದು. ಹೀಗೆ ಸೋಂಕಿನೊಂದಿಗೆ ಹುಟ್ಟುವ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಆಗ ಚೆನ್ನಾಗಿಯೇ ಕಾಣುತ್ತಾರೆ. ಅವರಲ್ಲೂ ಕೆಲವರಿಗೆ ಮುಂದೆ ಕಿವಿ ಮಂದವಾಗುತ್ತದೆ. ಆ ಹೊತ್ತಿಗೆ ಕಾರಣ ಹುಡುಕುವ ಕಾಲ ಮೀರಿರುತ್ತದೆ. ಆದ್ದರಿಂದ ನಮ್ಮ ಒತ್ತಾಯಗಳು:

1. ಕಿವಿ ತಪಾಸಣೆಯಲ್ಲಿ ಪಾಸಾಗದ, ತಲೆ ಚಿಕ್ಕದಿರುವ, ಮೈಮೇಲೆ ರಕ್ತದ ಚುಕ್ಕೆಗಳಿರುವ, ಯಕೃತ್ತು-ಗುಲ್ಮ ಊದಿರುವ ಪ್ರತಿ ಶಿಶುವಿಗೂ 21 ದಿನದೊಳಗೆ ಮೂತ್ರ ಅಥವಾ ಜೊಲ್ಲಿನ ಪಿಸಿಆರ್ ಪರೀಕ್ಷೆ ಜಿಲ್ಲಾಸ್ಪತ್ರೆಯಲ್ಲೇ ಉಚಿತವಾಗಿ ಆಗಬೇಕು. ಆಮೇಲೆ ವೈರಸ್ ಸಿಕ್ಕರೂ ಅದು ಗರ್ಭದಲ್ಲಿ ಬಂದದ್ದೋ ಎದೆಹಾಲಿನಿಂದ ಬಂದದ್ದೋ ಹೇಳಲಾಗದು. (ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಹಾಲಿನ ಮೂಲಕ ಬಂದ ಸೋಂಕಿನಿಂದ ಸಾಮಾನ್ಯವಾಗಿ ತೊಂದರೆಯಿಲ್ಲ, ಈ ಹೆದರಿಕೆಗೆ ಯಾರೂ ಹಾಲು ಬಿಡಿಸಬಾರದು.) ಅಮೆರಿಕದ ಮಿನ್ನೆಸೋಟ ರಾಜ್ಯ 2023ರಿಂದ ಎಲ್ಲ ಶಿಶುಗಳನ್ನೂ ಪರೀಕ್ಷಿಸುತ್ತಿದೆ. ನಾವು ಸದ್ಯಕ್ಕೆ ಅಷ್ಟು ಕೇಳುತ್ತಿಲ್ಲ.

2. ಪಿಸಿಆರ್ ಬದಲಿಗೆ, ಹಲವು ಸೋಂಕುಗಳನ್ನು ಒಟ್ಟಿಗೆ ಹುಡುಕುವ 'ಟಾರ್ಚ್' ರಕ್ತಪರೀಕ್ಷೆ ಬರೆದುಕೊಟ್ಟು ಕೈತೊಳೆದುಕೊಳ್ಳುವುದು ನಿಲ್ಲಲಿ. ಅದರಲ್ಲಿ ಕಾಣುವ ಐಜಿಜಿ ಪ್ರತಿಕಾಯ ತಾಯಿಯದೇ ಆಗಿರಬಹುದು. ಐಜಿಎಂ ಪ್ರತಿಕಾಯ ಎಷ್ಟೋ ಸೋಂಕಿತ ಶಿಶುಗಳಲ್ಲಿ ಕಾಣುವುದೇ ಇಲ್ಲ.

3. ಸೋಂಕು ಖಚಿತವಾದ ಪ್ರತಿ ಮಗುವಿಗೂ ನೆತ್ತಿಯ ಮೂಲಕ ಅಲ್ಟ್ರಾಸೌಂಡ್ ಆಗಲಿ. ಲಕ್ಷಣವಿದ್ದರೆ, ಇಲ್ಲವೇ ಅದರಲ್ಲಿ ಏರುಪೇರು ಕಂಡರೆ, ಎಂಆರ್‌ಐ ಮಾಡಿಸಲಿ. ಮೊದಲ ವಾರಗಳಲ್ಲಿ ಹಾಲು ಕುಡಿಸಿ, ಬಟ್ಟೆ ಸುತ್ತಿ ಮಲಗಿಸಿದರೆ ಅರಿವಳಿಕೆಯಿಲ್ಲದೆಯೇ ಅದು ಸಾಧ್ಯ. ತಡಮಾಡಿದಷ್ಟೂ ಕಷ್ಟ. ಎಂಆರ್‌ಐ ಸಾಲು ಉದ್ದವಿದೆಯೆಂದು ಸಿಟಿ ಸ್ಕ್ಯಾನ್‌ಗೆ ಕಳಿಸಬಾರದು. ವಿಕಿರಣದ ಮಾತು ಒಂದೆಡೆಗಿರಲಿ, ಸುಣ್ಣ ಕಟ್ಟಿದ ಕಲೆಗಳನ್ನು ಚೆನ್ನಾಗಿ ತೋರಿಸುವ ಸಿಟಿ, ಮಿದುಳಿನ ಮಡಿಕೆಗಳ ದೋಷವನ್ನು ಎಂಆರ್‌ಐನಷ್ಟು ಸ್ಪಷ್ಟವಾಗಿ ತೋರಿಸದು.

4. ಚಿತ್ರದಲ್ಲಿ ಏನಿದೆ, ಅದರಿಂದ ಏನು ಹೇಳಬಹುದು, ಏನು ಹೇಳಲಾಗದು ಎಂಬುದನ್ನು ಕನ್ನಡದಲ್ಲಿ, ಕೂರಿಸಿಕೊಂಡು ವಿವರಿಸಬೇಕು. ಮಡಿಕೆಗಳೇ ಸರಿಯಾಗಿ ರೂಪುಗೊಳ್ಳದ ಪಾಲಿಮೈಕ್ರೋಜೈರಿಯಾ ಇದ್ದರೆ ಮೂರ್ಛೆ, ಕೈಕಾಲಿನ ಬಿಗಿತ, ಕಲಿಕೆಯ ತೊಂದರೆ ಬರುವ ಸಂಭವ ಹೆಚ್ಚು, ಅದನ್ನು ಮುಚ್ಚಿಡಬೇಡಿ. ಮಿದುಳಿನ ಬಿಳಿಭಾಗದಲ್ಲಿ ಬರೀ ಒಂದೆರಡು ಕಲೆಗಳಿದ್ದರೆ ಅಷ್ಟರಿಂದಲೇ ಭವಿಷ್ಯ ನುಡಿಯಬೇಡಿ. ಚಿತ್ರ ಪೂರ್ತಿ ಸರಿಯಿದ್ದರೂ ಕಿವಿ ಹೋಗಬಹುದು. "ಎಂಆರ್‌ಐ ನಾರ್ಮಲ್, ಇನ್ನು ಬರೋದು ಬೇಡ" ಎನ್ನಿಸಿಕೊಂಡು ಮನೆಗೆ ಹೋದವರು ನಮ್ಮಲ್ಲಿದ್ದಾರೆ. "ಈ ಮಗೂದು ಇಷ್ಟೇ, ಇನ್ನೊಂದು ಮಾಡ್ಕೊಳ್ಳಿ" ಎನ್ನಿಸಿಕೊಂಡವರೂ ಇದ್ದಾರೆ.

5. ಲಕ್ಷಣವಿರುವ ಮಕ್ಕಳಿಗೆ ಮೊದಲ ತಿಂಗಳಲ್ಲೇ ಶುರುಮಾಡಿ 6 ತಿಂಗಳು ಕೊಡುವ ವಾಲ್‌ಗ್ಯಾನ್ಸಿಕ್ಲೋವಿರ್ ಸಿರಪ್, ಜೊತೆಗೆ ಬಿಳಿರಕ್ತಕಣಗಳ ತಪಾಸಣೆ, ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಸಿಗಬೇಕು. ಅದರಿಂದ ಪವಾಡವೇನೂ ಆಗದು. ಕಿವಿಗೂ ಬೆಳವಣಿಗೆಗೂ ಸ್ವಲ್ಪ ಅನುಕೂಲವಾಗುತ್ತದೆ. ಆ ಸ್ವಲ್ಪ ನಮಗೆ ಬೇಕು.

6. ಹುಟ್ಟಿದಾಗ ಪಾಸಾದ ಮಗುವಿಗೂ ಶಾಲೆಗೆ ಸೇರುವವರೆಗೆ 6 ತಿಂಗಳಿಗೊಮ್ಮೆ ಕಿವಿ ಪರೀಕ್ಷೆ, ಅಗತ್ಯವಿದ್ದರೆ ಬೇರಾ (ಶಬ್ದಕ್ಕೆ ಕಿವಿಯ ನರ ಸ್ಪಂದಿಸುವುದನ್ನು ಅಳೆಯುವ ಪರೀಕ್ಷೆ) ಆಗಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮಕ್ಕೆ 18 ವರ್ಷದವರೆಗಿನ ಮಕ್ಕಳೆಲ್ಲ ಸೇರುತ್ತಾರೆ. ಅದರ ಕಾಯಿಲೆಗಳ ಪಟ್ಟಿಯಲ್ಲಿ ಸಿಎಂವಿಯನ್ನು ಹೆಸರಿಟ್ಟು ಸೇರಿಸಿ. ಆ ಕಾರ್ಯಕ್ರಮದ ಜಿಲ್ಲಾ ಕೇಂದ್ರದಿಂದ ಮೈಸೂರಿನ ವಾಕ್ ಶ್ರವಣ ಸಂಸ್ಥೆಯವರೆಗೆ ಒಂದೇ ಫೈಲು ನಡೆಯಲಿ.

7. ಬಸಿರಿನಲ್ಲಿ ಸೋಂಕು ತಗುಲದಂತೆ, ಚಿಕ್ಕಮಕ್ಕಳ ಜೊಲ್ಲು, ಮೂತ್ರ ಮುಟ್ಟಿದ ಮೇಲೆ ಕೈ ತೊಳೆಯುವ ಮಾತನ್ನು ತಾಯಿ ಕಾರ್ಡಿನಲ್ಲಿ ಅಚ್ಚುಹಾಕಿ. ಆದರೆ ತಾಯಿಯನ್ನು ದೂರುವ ಮಾತು ವಾರ್ಡಿನಲ್ಲಿ ಕೇಳಿಸಕೂಡದು.

8. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಯುಡಿಐಡಿ (ಅಂಗವೈಕಲ್ಯ ಗುರುತಿನ) ಕಾರ್ಡ್ ಶಿಬಿರ ಪ್ರತಿ ತಾಲ್ಲೂಕಿನಲ್ಲಿ ನಡೆಯಲಿ.

9. ರಾಜ್ಯದಲ್ಲೊಂದು ದಾಖಲೆ ಪುಸ್ತಕ ತೆರೆಯಿರಿ. ಹುಟ್ಟಿದಾಗಿನ ಮಿದುಳಿನ ಚಿತ್ರದ ಪಕ್ಕದಲ್ಲೇ 2, 6, 10ನೇ ವಯಸ್ಸಿನಲ್ಲಿ ಆ ಮಗು ಹೇಗಿದೆ ಎಂಬುದು ಪೋಷಕರ ಒಪ್ಪಿಗೆಯೊಂದಿಗೆ, ಹೆಸರು ಗುಟ್ಟಾಗಿಟ್ಟು ದಾಖಲಾಗಲಿ. ಹೊರದೇಶದ ಎಷ್ಟೋ ಅಧ್ಯಯನಗಳು ಬಸಿರಿನಲ್ಲಿ ಮೊದಲ ಸಲ ಸೋಂಕು ತಗುಲಿದ ತಾಯಂದಿರನ್ನು ನೋಡಿ ಬರೆದವು. ನಮ್ಮಲ್ಲಿ ಹೆಚ್ಚಿನವರದು ಹಳೆಯ ಸೋಂಕು, ಆದ್ದರಿಂದ ನಮ್ಮದೇ ದಾಖಲೆ ಬೇಕು. ನಿಮ್ಹಾನ್ಸ್, ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ವೈದ್ಯಕೀಯ ಕಾಲೇಜುಗಳ ತಜ್ಞರ ಜೊತೆ ಇಬ್ಬರು ಪೋಷಕರೂ ಈ ದಾಖಲೆ ನೋಡಿಕೊಳ್ಳುವ ಸಮಿತಿಯಲ್ಲಿರಬೇಕು. ವರದಿ ವರ್ಷಕ್ಕೊಮ್ಮೆ ಕನ್ನಡದಲ್ಲಿ ಹೊರಬರಬೇಕು.

ಇಂತಿ,
ಸಿಎಂವಿ ಸೋಂಕಿನೊಂದಿಗೆ ಹುಟ್ಟಿದ ಮಕ್ಕಳ ತಂದೆ-ತಾಯಂದಿರು