ಖಾಸಗಿ ಟೂರ್ನಿ ಆಡಿದರೆ ಆಟಗಾರನಿಗೆ ನಿಷೇಧವೇ? ಕಾನೂನು ಹೇಳುವುದೇನು?

ಸಂಘದ ಅನುಮತಿಯಿಲ್ಲದ ಟೂರ್ನಿಯಲ್ಲಿ ಆಡಿದರೆ ಆಟಗಾರನ ಭವಿಷ್ಯವೇ ಮುಗಿಯಿತು ಎನ್ನುವ ಸಂದೇಶಗಳು ಕ್ರೀಡಾ ಗ್ರೂಪ್‌ಗಳಲ್ಲಿ ಓಡಾಡುತ್ತವೆ. ಇದಕ್ಕೆ ಎದುರಾಗಿ, ಯುರೋಪಿನ ಕೋರ್ಟ್ ಫುಟ್‌ಬಾಲ್ ಸಂಸ್ಥೆಗಳ ಅಧಿಕಾರವನ್ನೇ ತೆಗೆದುಹಾಕಿದೆ ಎನ್ನುವವರೂ ಇದ್ದಾರೆ. ಎರಡೂ ಅರ್ಧ ಸತ್ಯ.

ಮೊದಲು ಯುರೋಪಿನ ಕಥೆ ನೋಡೋಣ. 2021ರ ಏಪ್ರಿಲ್‌ನಲ್ಲಿ 12 ದೊಡ್ಡ ಕ್ಲಬ್‌ಗಳು ಸೇರಿ 'ಸೂಪರ್ ಲೀಗ್' ಘೋಷಿಸಿದವು. ಫಿಫಾ ಮತ್ತು ಯುಯೆಫಾ ನಿಷೇಧದ ಎಚ್ಚರಿಕೆ ಕೊಟ್ಟವು. 2023ರ ಡಿಸೆಂಬರ್ 21ರಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ ತೀರ್ಪು ಕೊಟ್ಟಿತು. ಹೊಸ ಟೂರ್ನಿಗೆ ಮುಂಚಿತ ಅನುಮತಿ ಕೇಳುವುದೇ ತಪ್ಪು ಎಂದು ಅದು ಹೇಳಲಿಲ್ಲ. ಅನುಮತಿ ಕೊಡಲು, ನಿರಾಕರಿಸಲು ಪಾರದರ್ಶಕ ಮಾನದಂಡಗಳೇ ಇರಲಿಲ್ಲ, ಅದು ತಪ್ಪು ಎಂದಿತು. ಸೂಪರ್ ಲೀಗ್‌ಗೆ ಒಪ್ಪಿಗೆ ಕೊಡಲೇಬೇಕು ಎಂದೂ ಹೇಳಲಿಲ್ಲ.

ತಕರಾರು ಏನೆಂದು ತಿಳಿಯಲು ಸಿರುಗುಪ್ಪದ ರೈಸ್‌ಮಿಲ್ ನೆನಪಿಸಿಕೊಳ್ಳಿ. ಒಬ್ಬ ಮಿಲ್ ಮಾಲೀಕರ ಕೈಗೇ ಉಳಿದ ಮಿಲ್‌ಗಳಿಗೆ ಲೈಸೆನ್ಸ್ ಕೊಡುವ ಅಧಿಕಾರ ಸಿಕ್ಕಿತು ಎನ್ನಿ. ಬೇರೆ ಮಿಲ್‌ಗೆ ಭತ್ತ ಹಾಕಿದ ರೈತನನ್ನು ಇನ್ನು ಒಳಗೆ ಬಿಡುವುದಿಲ್ಲ ಎಂದು ಅವರು ಹೇಳಿದರೆ? ಕ್ರೀಡಾ ಸಂಘಗಳ ಸ್ಥಿತಿಯೂ ಹೀಗೆಯೇ. ನಿಯಮ ಮಾಡುವವರೂ ಅವರೇ, ಟೂರ್ನಿ ನಡೆಸಿ ಹಣ ಮಾಡುವವರೂ ಅವರೇ.

ನಮ್ಮಲ್ಲಿ ಇದಕ್ಕೆ 2002ರ ಸ್ಪರ್ಧಾ ಕಾಯ್ದೆ ಇದೆ. ಬಲ ಇರುವುದು ಅಪರಾಧವಲ್ಲ, ಅದರ ದುರುಪಯೋಗ ಅಪರಾಧ. ತನ್ನ ಮಾನ್ಯತೆ ಇಲ್ಲದ ಟೂರ್ನಿಗಳಲ್ಲಿ ಆಡದಂತೆ ಆಟಗಾರರನ್ನು ಕಟ್ಟಿಹಾಕಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗವು 2018ರ ಜುಲೈನಲ್ಲಿ ಅಖಿಲ ಭಾರತ ಚೆಸ್ ಫೆಡರೇಷನ್‌ಗೆ 6.92 ಲಕ್ಷ ರೂಪಾಯಿ ದಂಡ ಹಾಕಿತು. ಮುಂಬೈನ ಟೇಬಲ್ ಟೆನಿಸ್ ಪ್ರಕರಣವಂತೂ ನಮ್ಮ ಓದುಗರಿಗೆ ತೀರಾ ಹತ್ತಿರದ್ದು. 2020ರಲ್ಲಿ ಅಲ್ಲಿನ ಉಪನಗರ ಸಂಘವೊಂದು ಮಾನ್ಯತೆ ಇಲ್ಲದ ಸಂಸ್ಥೆಗಳ ಜೊತೆ ಸೇರಬೇಡಿ ಎಂದು ಹೊರಡಿಸಿದ ಸೂಚನೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಹರಿದಾಡಿತ್ತು. ಇಂಥ ನಿರ್ಬಂಧ ಕಾಯ್ದೆಗೆ ವಿರುದ್ಧ ಎಂದು ಆಯೋಗ 2024ರ ಡಿಸೆಂಬರ್‌ನಲ್ಲಿ ಹೇಳಿತು.

ಆದರೆ ಎಲ್ಲ ನಿರ್ಬಂಧವೂ ಅಕ್ರಮವಲ್ಲ. 2013ರಲ್ಲಿ ಧನರಾಜ್ ಪಿಳ್ಳೈ ಮತ್ತಿತರರು ಹಾಕಿ ಇಂಡಿಯಾ ವಿರುದ್ಧ ತಂದ ದೂರಿನಲ್ಲಿ ಆಯೋಗಕ್ಕೆ ಉಲ್ಲಂಘನೆ ಕಾಣಲಿಲ್ಲ.

ಬಳ್ಳಾರಿ ಜಿಲ್ಲೆಗೆ ಇದು ದೂರದ ಮಾತಲ್ಲ. ತೋರಣಗಲ್ಲು ಬಳಿಯ ವಿಜಯನಗರದಲ್ಲಿ ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ನಡೆದಿದೆ. ಕುರುಗೋಡಿನ ಹುಡುಗನಿಗೂ ಫುಟ್‌ಬಾಲ್ ಕನಸು ಬೀಳುವ ಕಾಲ ಇದು. ಅವನು ಹೊರಗಿನ ಟೂರ್ನಿಯೊಂದರಲ್ಲಿ ಆಡಿದರೆ ಆ ಪಂದ್ಯ ರಾಜ್ಯ ತಂಡದ ಆಯ್ಕೆಗೆ ಲೆಕ್ಕಕ್ಕೆ ಬರದೇ ಇರಬಹುದು. ಆಡಿದ್ದಕ್ಕೇ ಅವನನ್ನು ಹೊರಹಾಕುವುದು ಬೇರೆ ಮಾತು. ಹಾಗೆಂದು ಯಾರಾದರೂ ಬೆದರಿಸಿದರೆ ಯಾವ ನಿಯಮ, ಎಷ್ಟು ದಿನದ ನಿಷೇಧ, ಮೇಲ್ಮನವಿ ಯಾರಿಗೆ ಎಂದು ಬರವಣಿಗೆಯಲ್ಲಿ ಕೇಳಿ. ಫಾರ್ವರ್ಡ್ ಆದ ಮೆಸೇಜ್ ನಿಯಮಾವಳಿಯಲ್ಲ. ಆದರೂ ಆ ಮೆಸೇಜನ್ನು ಅಳಿಸಬೇಡಿ, ಮುಂದೆ ಅದೇ ಸಾಕ್ಷಿಯಾದೀತು.

ಆಯೋಗಕ್ಕೆ ಶುಲ್ಕ ಕಟ್ಟಿ ಯಾರು ಬೇಕಾದರೂ ದೂರು ಕೊಡಬಹುದು. ಘಟನೆ ನಡೆದ ಮೂರು ವರ್ಷದೊಳಗೆ ಕೊಡಬೇಕು. ಬೇಗ ಮುಗಿಯುತ್ತದೆ ಎಂಬ ಭರವಸೆಯನ್ನು ಮಾತ್ರ ನಾವು ಕೊಡಲಾರೆವು. ಚೆಸ್ ಪ್ರಕರಣ ಆಯೋಗದ ಮುಂದೆ ಬಂದದ್ದು 2011ರಲ್ಲಿ, ಆದೇಶ ಬರುವಾಗ ಏಳು ವರ್ಷ ಕಳೆಯುತ್ತಾ ಬಂದಿತ್ತು. ಹದಿನಾಲ್ಕರ ಹುಡುಗ ಅಷ್ಟರಲ್ಲಿ ಇಪ್ಪತ್ತೊಂದಕ್ಕೆ ಬಂದಿರುತ್ತಾನೆ.